ಹೊಗಳಿಕೆಯ ಹೊಟ್ಟೆನೋವು

“ನಿಮ್ಮ ಹುಡುಗಿಗೆ ಎರಡ ಬಡೀಲೇನ್ರಿ?”

ಮೂಡಲಗಿಗೆ ಬಂದಿಳಿದ ಮೊದಲ ಸಂಜೆ ಮನೆಯ ಒಡತಿ ಶಾಂತಕ್ಕ ಬಾಗಿಲಲ್ಲಿ ನಿಂತು ನಗುನಗುತ್ತಾ ಹೀಗೆ ಕೇಳಿದಾಗ, ಹದಿಮೂರರ ನನ್ನ ಮಗಳು ಸಿಂಚನಾ ನನ್ನ ಬೆನ್ನ ಹಿಂದೆ ಸರಿದಳು. ಶಾಂತಕ್ಕನ ಕೈಗೆ ಮೆತ್ತಿದ್ದ ಜೋಳದ ಹಿಟ್ಟು ಕಂಡ ಮೇಲೆ ನನಗೆ ಉಸಿರು ಬಂತು. ಇಲ್ಲಿ ರೊಟ್ಟಿಯನ್ನು ತಟ್ಟುವುದಿಲ್ಲ, ಬಡಿಯುತ್ತಾರೆ.

ನಂಜನಗೂಡಿನ ಗೆಳತಿಯರು ಫೋನಿನಲ್ಲಿ ಕೇಳುವುದು ಒಂದೇ ಮಾತು: ಅಲ್ಲೂ ಕನ್ನಡವೇ ತಾನೇ, ಏನು ಕಷ್ಟ? ಅಂಚೆ ಕಚೇರಿಗೆ ವರ್ಗವಾಗಿ ಬಂದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಗಂಡನ ಅಂಗಡಿ ಅಲ್ಲೇ ಉಳಿಯಿತು, ಬಂದದ್ದು ನಾವಿಬ್ಬರೇ. ಅಲ್ಲಿ ಪಕ್ಕದ ಮನೆಯವರು ಗೇಟಿನಾಚೆಯಿಂದ ತಲೆಯಾಡಿಸಿದರೆ ಮುಗಿಯಿತು. ಇಲ್ಲಿ ಬಾಜೂ ಮನೆಯವರು ಒಳಗೇ ಬಂದು, ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಖಾರ ಸಾಲದು ಎನ್ನುತ್ತಾರೆ. ದಣಿದು ಬಂದ ಸಂಜೆಗಳಲ್ಲಿ ಆ ಗೇಟು ನೆನಪಾಗುತ್ತಿತ್ತು.

ಆದರೆ ಪೆಟ್ಟು ಬಿದ್ದದ್ದು ನನಗಲ್ಲ, ಸಿಂಚನಾಗೆ. ಅವಳ ಕನ್ನಡದ ಮೇಷ್ಟ್ರು ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿನವರು, ಬಹಳ ಒಳ್ಳೆಯ ಮನುಷ್ಯ. ಮೊದಲ ವಾರವೇ ಅವಳನ್ನು ನಿಲ್ಲಿಸಿ ಪಾಠ ಓದಿಸಿ, ಮಾತಾಡಿದರೆ ಹೀಗೆ ಮಾತಾಡಬೇಕು ಎಂದು ತರಗತಿಗೆಲ್ಲ ಹೇಳಿದರಂತೆ. ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಊರಿಗೆಲ್ಲ ಫೋನು ಮಾಡಿ ಹೇಳಿಕೊಂಡೆ. ಮೇಷ್ಟ್ರು ಹೊಗಳುವುದನ್ನು ಬಿಡಲಿಲ್ಲ. ಹುಡುಗಿಯರು ಅವಳಿಗೆ ‘ವಾರ್ತೆ’ ಎಂದು ಹೆಸರಿಟ್ಟರು. ಅವಳು ನೀರು ಕೇಳಿದರೂ ಯಾರೋ ಒಬ್ಬಳು, ಈಗ ಮುಖ್ಯಾಂಶಗಳು ಎನ್ನುವಳು.

ಮಗಳು ಮಾತು ಬಿಟ್ಟಳು. ಡಬ್ಬಿ ಹಾಗೇ ವಾಪಸು ಬರತೊಡಗಿತು. ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಗೋಕಾಕದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಏನೂ ಇಲ್ಲ, ವಯಸ್ಸು ಅಂಥದ್ದು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವಳು ತಾನಾಗಿಯೇ ಬಾಯಿಬಿಟ್ಟಳು. “ಸರ್ ನನ್ನ ಹೊಗಳೋದು ನಿಲ್ಲಿಸಿದ್ರೆ ಸಾಕಮ್ಮ. ಇಲ್ದಿದ್ರೆ ನಾನು ಶಾಲೆಗೇ ಹೋಗಲ್ಲ.”

ಮಗುವನ್ನು ಬೈಯಬೇಡಿ ಎಂದು ಮೇಷ್ಟ್ರ ಬಳಿ ಹೋಗುವ ತಾಯಂದಿರಿದ್ದಾರೆ. ಹೊಗಳಬೇಡಿ ಎಂದು ಹೋದವಳು ನಾನೊಬ್ಬಳೇ ಇರಬೇಕು. ಎಲ್ಲ ಕೇಳಿಸಿಕೊಂಡ ಅವರ ಮುಖ ಸಣ್ಣದಾಯಿತು. “ಬೆಂಗಳೂರಿಗೆ ತರಬೇತಿಗಂತ ಹೋದಾಗ ನಾ ಬಾಯಿ ತೆಗದ್ರ ಸಾಕು, ನಗತಿದ್ರ್ರಿ. ನಮ್ಮ ಹುಡುಗರಿಗೆ ಹಂಗ ಆಗಬಾರದಂತ ಮಾಡಾಕತ್ತಿದ್ದೆ.”

ಅದೇ ಈಗ ನನ್ನ ಮಗಳಿಗೆ ಆಗುತ್ತಿದೆ ಸರ್, ಎಂದೆ. ನನಗೂ ಸಂಕಟವಾಯಿತು. ಅವರು ಶುದ್ಧವೆಂದು ಕೊಂಡಾಡುತ್ತಿದ್ದದ್ದು ನಮ್ಮ ನಂಜನಗೂಡಿನ ಮಾತೂ ಅಲ್ಲ, ಟಿವಿಯಿಂದ ಕಲಿತದ್ದು. ನಮ್ಮ ಬೀದಿಯ ‘ಹೋಯ್ತಾವ್ನೆ, ಬತ್ತಾವ್ನೆ’ ಕೇಳಿದ್ದರೆ ಅವರು ಏನನ್ನುತ್ತಿದ್ದರೋ.

ಹೊಗಳಿಕೆ ನಿಂತಿತು. ನಗು ಅಷ್ಟು ಬೇಗ ನಿಲ್ಲಲಿಲ್ಲ. ಶಾಂತಕ್ಕ ಮಾತ್ರ, ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ ಎಂದು ಸಮಾಧಾನ ಹೇಳುತ್ತಿದ್ದರು. ಕೊನೆಗೆ ತರಗತಿಯಲ್ಲಿ ಸಿಂಚನಾಳ ಪಕ್ಕ ಬಂದು ಕೂತವಳು ಕುರಿ ಸಾಕುವ ಮನೆಯ ರೇಣುಕಾ. ಅವಳ ಮೈಗೆ ಕುರಿಯ ವಾಸನೆಯೆಂದು ಅವಳನ್ನೂ ಉಳಿದವರು ದೂರವೇ ಇಟ್ಟಿದ್ದರಂತೆ. ಒಂದು ಭಾನುವಾರ ಅವರ ದೊಡ್ಡಿಯಲ್ಲಿ ಮರಿಗಳ ಜೊತೆ ಕಳೆದು, ಲಂಗಕ್ಕೆಲ್ಲ ಹಿಕ್ಕೆ ಮೆತ್ತಿಸಿಕೊಂಡು ಬಂದ ಸಿಂಚನಾ, “ಅಮ್ಮಾ, ಹಸಿವಾಗೈತಿ” ಎಂದಳು. ಎಷ್ಟೋ ದಿನದ ಮೇಲೆ ತಾನಾಗಿ ಕೇಳಿ ಉಂಡಳು. ನಾನು ಒಳಗೆ ಹೋಗಿ ಅತ್ತೆ. ಖುಷಿಗೇ ಅತ್ತದ್ದು. ಆದರೆ ಮಗಳು ನನ್ನ ಮಾತಿನಿಂದ ಹೊರಗೆ ಹೋಗುತ್ತಿದ್ದಾಳೆಂಬ ಹೊಟ್ಟೆಕಿಚ್ಚೂ ಅದರಲ್ಲಿತ್ತು.

ಬೇಸಿಗೆ ರಜೆಗೆ ನಂಜನಗೂಡಿಗೆ ಹೋದೆವು. ರೈಲಿನುದ್ದಕ್ಕೂ ನನಗೆ ಒಂದೇ ಆಸೆ, ನಮ್ಮಮ್ಮನ ಅಡುಗೆಮನೆಯಲ್ಲಿ ಕೂತು ಯೋಚಿಸದೆ ಮಾತಾಡಬೇಕು. ಕೆಲವು ದಿನ ಹಾಗೇ ಕಳೆಯಿತು. ಒಂದು ಬೆಳಿಗ್ಗೆ ಸಿಂಚನಾ ಒಳಗೆ ಬಂದು, “ನಾವ್ ಮನಿಗೆ ಯಾವಾಗ ಹೋಗೂದು?” ಎಂದಳು. ಅವಳ ಮಾವನ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ನಗುತ್ತಲೇ, ಮನಿ ಅಲ್ಲ ಕಣೇ, ಮನೆ, ಅಲ್ಲಿನ ಮಾತು ಅಲ್ಲಿಗೇ ಬಿಟ್ಟು ಬಾ ಎಂದಳು. ಮಗಳ ಮುಖ ಮುಚ್ಚಿಕೊಂಡಿತು. ನನಗೆ ಸಿಟ್ಟು ನೆತ್ತಿಗೇರಿತು.

“ಇರ್ಲಿ ಬಿಡ್ರಿ” ಎಂದೆ. “ಆಕಿ ಹೆಂಗ ಮಾತಾಡಿದ್ರೂ ನಡೀತೈತಿ.”

ಮಕ್ಕಳ ನಗು ನಿಂತಿತು. ಸಿಂಚನಾ ನನ್ನನ್ನೇ ನೋಡುತ್ತಿದ್ದಳು. ಅಮ್ಮ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

“ನಾನು ನಿಂಗೆ ಯಾವಾಗಿಂದ ‘ರೀ’ ಆದೆ?”