ಆ ಸಹಿ ನನ್ನದಲ್ಲ ಎಂದೆ

ಮನೆ ಕಟ್ಟಿಸುವವರಿಗೆ ನಕ್ಷೆ ಬರೆದುಕೊಡುವುದು, ಪರವಾನಗಿ ಮಾಡಿಸುವುದು, ಕೇಳಿದವರಿಗೆ ಮುಂದೆ ನಿಂತು ಕಟ್ಟಿಸಿಕೊಡುವುದು ಇಪ್ಪತ್ತು ವರ್ಷಗಳಿಂದ ನನ್ನ ಉದ್ಯೋಗ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂ ಕಡೆ ಕೆಲಸ ಮಾಡಿದ್ದೇನೆ. ನನ್ನ ಆಫೀಸು ಇವುಗಳಲ್ಲಿ ಯಾವ ಊರಿನಲ್ಲಿದೆ ಎಂದು ಬರೆಯುವುದು ಬೇಡ. ಓದಿದ್ದು ಸಿವಿಲ್ ಡಿಪ್ಲೊಮಾ ಅಷ್ಟೇ. ಜನ ಇಂಜಿನಿಯರ್ ಸಾಹೇಬರು ಅನ್ನುತ್ತಾರೆ, ನಾನು ಯಾರನ್ನೂ ತಿದ್ದಲು ಹೋಗಿಲ್ಲ.

ನನ್ನ ಕೆಲಸಗಾರರಲ್ಲಿ ಮೇಡ್ಲೇರಿಯಿಂದ ಬರುವ ಒಬ್ಬ ಹೆಣ್ಣುಮಗಳಿದ್ದಳು. ನನಗಿಂತ ಚಿಕ್ಕವಳೇ. ಆದರೆ ಸೈಟಿನಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಹನ್ನೆರಡು ವರ್ಷ ನನ್ನ ಸೈಟುಗಳಲ್ಲಿ ದುಡಿದಳು. ಬುತ್ತಿ ಕಟ್ಟಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಬಂದರೆ, ಗೋಡೆ ಕಟ್ಟುವ ಗೌಂಡಿಗಳು ಚಹಾ ಕುಡಿದು ಏಳುವಷ್ಟರಲ್ಲಿ ಉಸುಕು ಸಾಣಿಸಿ ಮುಗಿಸಿರುತ್ತಿದ್ದಳು. ಕಲಸಿದ ಸಿಮೆಂಟು ಮಾಲನ್ನು ಒಂದು ಹಿಡಿ ಮುಷ್ಟಿಯಲ್ಲಿ ಒತ್ತಿ ಬಿಟ್ಟು, ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುತ್ತಿದ್ದಳು. ಹೇಳಿದ್ದು ತಪ್ಪುತ್ತಿರಲಿಲ್ಲ.

ಒಮ್ಮೆ ರಾಣೆಬೆನ್ನೂರಿನ ಒಂದು ಮನೆಗೆ ಸ್ಲ್ಯಾಬ್ ಹಾಕುವ ದಿನ, ನಾನು ಮೇಲೆ ಹತ್ತಿ ನೋಡಿ ಎಲ್ಲ ಸರಿಯಾಗಿದೆ, ಶುರು ಮಾಡಿ ಎಂದಿದ್ದೆ. ಅಕ್ಕ ಏಣಿಯ ಮೇಲಿನ ಮೆಟ್ಟಿಲಿನಿಂದಲೇ ಕೂಗಿದಳು.

"ಸಾಹೇಬ್ರ, ಈ ಮೂಲ್ಯಾಗ ಸರಳು ಹಲಿಗಿಗೆ ಹತ್ತಿ ಕುಂತಾವ್ರಿ. ಕೆಳಗ ಬಿಲ್ಲೆನ ಇಟ್ಟಿಲ್ಲ."

ಸರಳಿನ ಕೆಳಗೆ ಸಿಮೆಂಟಿನ ಸಣ್ಣ ಬಿಲ್ಲೆ ಇಡದಿದ್ದರೆ ಮುಂದೆ ಸರಳು ತುಕ್ಕು ಹಿಡಿದು ಛತ್ತು ಉದುರುತ್ತದೆ. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮನೆಯ ಯಜಮಾನರು ಅಲ್ಲೇ ನಿಂತಿದ್ದರು. ಅವರೆದುರಿಗೆ ಹೇಳಿಬಿಟ್ಟಳಲ್ಲ ಎಂದು ನನಗೆ ಸಿಟ್ಟು ಬಂತು. ಬಿಲ್ಲೆಯನ್ನೇನೋ ಇಡಿಸಿದೆ. ಆಕೆಗೆ ಒಂದು ಒಳ್ಳೆಯ ಮಾತು ಹೇಳಿದ ನೆನಪಿಲ್ಲ.

ಕಟ್ಟಡ ಕಾರ್ಮಿಕರಿಗೆ ಸರಕಾರ ಒಂದು ಕಾರ್ಡು ಕೊಡುತ್ತದೆ. ಮನೆ ಕಟ್ಟಲು ಪರವಾನಗಿ ಪಡೆಯುವಾಗ ಮಾಲೀಕನು ಸೆಸ್ಸು ಎಂಬ ಕರ ತುಂಬುತ್ತಾನೆ. ಅದು ಕಾರ್ಮಿಕರ ಮಂಡಳಿಗೆ ಹೋಗಿ, ಅಲ್ಲಿಂದ ಮಕ್ಕಳ ಓದಿಗೆ, ಹೆರಿಗೆಗೆ, ಆಸ್ಪತ್ರೆಗೆ, ಮುಪ್ಪಿಗೆ ಎಂದು ಕಾರ್ಡಿದ್ದವರಿಗೆ ಮರಳಿ ಬರಬೇಕು. ಕಾರ್ಡು ಸಿಗಬೇಕಾದರೆ ವರ್ಷದಲ್ಲಿ ತೊಂಬತ್ತು ದಿನ ಕಟ್ಟಡದ ಕೆಲಸ ಮಾಡಿದ್ದಾರೆ ಎಂದು ಕೆಲಸ ಕೊಟ್ಟವನು ಸಹಿ, ಸ್ಟ್ಯಾಂಪು ಹಾಕಿಕೊಡಬೇಕು. ಇದು ಒಳ್ಳೆಯ ಕಾನೂನು ಎಂದು ನಾನು ಈಗಲೂ ನಂಬುತ್ತೇನೆ. ಅಕ್ಕನ ಕಾರ್ಡಿಗೆ ಸಹಿ ಮಾಡಿದವನು ನಾನೇ. ನಾನು ಮಾಡಿದ ಅಂಥ ಸಹಿಗಳಲ್ಲಿ ಕಣ್ಣು ಮುಚ್ಚಿ ಖರೆ ಎನ್ನಬಹುದಾದದ್ದು ಅದೊಂದು.

ಉಳಿದ ಸಹಿಗಳನ್ನು ನನ್ನ ಆಫೀಸಿದ್ದ ವಾರ್ಡಿನ ಸದಸ್ಯರು ಮಾಡಿಸಿದರು. ಒಂದು ಮಧ್ಯಾಹ್ನ ನಗುನಗುತ್ತ ಬಂದು, ಕುರ್ಚಿಯಲ್ಲಿ ಕೂತು, ಪ್ಲಾಸ್ಟಿಕ್ ಚೀಲದಿಂದ ಅರ್ಜಿಗಳ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು.

"ನಮ್ಮ ವಾರ್ಡಿನ ಬಡವ್ರು ಅದಾರ್ರಿ ಇಂಜಿನಿಯರ್ರ. ಸರಕಾರ ಕೊಡಾಕತ್ತೈತಿ, ನಿಮ್ದೇನ್ ಹೊಕ್ಕೈತಿ? ಒಂದೊಂದು ಸಹಿ ಜಡೀರಿ."

ತಿರುವಿ ನೋಡಿದೆ. ಬಳೆ ಅಂಗಡಿಯಾಕೆ, ಟೇಲರು, ಕಿರಾಣಿ ಅಂಗಡಿಯವರ ಸೊಸೆ, ಸದಸ್ಯರ ಸ್ವಂತ ನಾದಿನಿ. ಯಾರೂ ಒಂದು ಇಟ್ಟಂಗಿ ಎತ್ತಿದವರಲ್ಲ. ನಾನು ಸಲ್ಲಿಸಿದ ನಕ್ಷೆಗಳು ಮುಂದೆ ಸಾಗಬೇಕಾದರೆ ಅವರ ಮುಲಾಜು ಬೇಕು ಎಂದು ನಾನೇ ಲೆಕ್ಕ ಹಾಕಿಕೊಂಡೆ. ಅವರೇನೂ ಹೆದರಿಸಲಿಲ್ಲ. ಬೇಡ ಎಂದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ, ಏಕೆಂದರೆ ನಾನು ಬೇಡ ಎಂದು ನೋಡಲೇ ಇಲ್ಲ. ಅರ್ಧ ತಾಸಿನಲ್ಲಿ ಎಲ್ಲಕ್ಕೂ ಸಹಿ ಮಾಡಿದೆ. ಏಳುವಾಗ ಅವರು, "ವೈನ್ಯಾರ್ದೂ ಒಂದು ಮಾಡಿಸಿಬಿಡ್ರಿ, ಇರ್ಲಿ" ಎಂದು ನನ್ನ ಹೆಂಡತಿಯನ್ನೂ ಸೇರಿಸಿದರು. ಗಂಡನೇ ಹೆಂಡತಿಗೆ ಸಹಿ ಮಾಡಿದರೆ ಚೆನ್ನಾಗಿರುವುದಿಲ್ಲವೆಂದು ಅದನ್ನು ಬೇರೊಬ್ಬ ಗುತ್ತಿಗೆದಾರನಿಂದ ಮಾಡಿಸಿದೆ. ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದ ನನ್ನ ಹೆಂಡತಿ ಕಾಗದದ ಮೇಲೆ ಪೇಂಟಿಂಗ್ ಕೆಲಸದವಳಾದಳು.

ಕೊರೊನಾ ಕಾಲದಲ್ಲಿ ಕಾರ್ಡಿದ್ದವರಿಗೆ ರೇಷನ್ ಕಿಟ್ಟು ಬಂತು. ಅಕ್ಕ ಅದಕ್ಕಾಗಿ ಬಿಸಿಲಲ್ಲಿ ಪಾಳಿ ಹಚ್ಚಿ, ಸಾಲಿನಲ್ಲಿ ನಿಂತಿದ್ದಳಂತೆ. ನಮ್ಮ ಮನೆಯದನ್ನು ಸದಸ್ಯರ ಕಡೆಯವರು ಗಾಡಿಯಲ್ಲಿ ತಂದು ಬಾಗಿಲಿಗಿಟ್ಟು ಹೋದರು. ಆ ಅಕ್ಕಿಯನ್ನು ನಾವು ಉಂಡೆವು. ನುಂಗುವಾಗ ಏನೂ ಅನ್ನಿಸಲಿಲ್ಲ ಎಂಬುದೇ ಈಗ ಹೆಚ್ಚು ನಾಚಿಕೆ ತರುತ್ತದೆ.

ಆಮೇಲೆ ಸರಕಾರ ಬೋಗಸ್ ಕಾರ್ಡುಗಳನ್ನು ಹುಡುಕಿ ರದ್ದು ಮಾಡುವುದಾಗಿ ಹೇಳಿತು. ಸುಳ್ಳು ಸಹಿ ಮಾಡಿದವರ ಮೇಲೆ ಕೇಸು ಹಾಕುತ್ತಾರೆ ಎಂಬ ಸುದ್ದಿಯೂ ಜೊತೆಗೆ ಬಂತು. ಸದಸ್ಯರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಅದೇ ವಾರ ಅಕ್ಕ ಆಫೀಸಿಗೆ ಬಂದಳು. ಕೈಯಲ್ಲಿ ಕಾರ್ಡು ನವೀಕರಣದ ಅರ್ಜಿ ಇತ್ತು. ಮಗಳಿಗೆ ಹಾವೇರಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಮಂಡಳಿಯ ಸಹಾಯ ಬರಬೇಕಾದರೆ ಕಾರ್ಡು ಚಾಲ್ತಿಯಲ್ಲಿರಬೇಕು.

"ತೊಂಬತ್ತು ದಿನದ ಕಾಗದಕ್ಕ ಒಂದು ಸಹಿ ಬೇಕಾಗಿತ್ರಿ."

"ಈಗ ಎಲ್ಲಾ ಚೆಕ್ ಮಾಡಾಕತ್ತಾರ ಅಕ್ಕಾ. ಸ್ವಲ್ಪ ತಡಿ. ಮುಂದಿನ ವಾರ ಬಾ."

ಮುಂದಿನ ವಾರ ಬಂದಳು. ಸ್ಟ್ಯಾಂಪು ಮನೆಯಲ್ಲಿದೆ ಎಂದೆ. ಅದು ನನ್ನ ಡ್ರಾವರಿನಲ್ಲಿತ್ತು. ಮೂರನೆಯ ಸಲ ಬಂದಾಗ ಹೊರಗೆ ನಿಂತು ಫೋನಿನಲ್ಲಿ ಮಾತಾಡುತ್ತಿರುವಂತೆ ನಟಿಸಿದೆ. ಮಾತು ಮುಗಿಯುವವರೆಗೆ ಆಕೆ ಕಾದು ನಿಂತಳು.

"ಸಾಹೇಬ್ರ, ನಾ ಖರೇನ ಕೆಲಸಾ ಮಾಡೇನಲ್ರಿ? ಮತ್ತ ನಿಮಗ ಯಾಕ್ರಿ ಅಂಜಿಕಿ?"

ಅದಕ್ಕೆ ಉತ್ತರ ನನ್ನಲ್ಲಿತ್ತು. ಇನ್ನೊಂದು ವಾರ ಬಿಟ್ಟು ಬಾ ಎಂದು ಸಹಿ ಮಾಡದೆ ಕಳಿಸಿದೆ.

ಕೆಲವು ದಿನಕ್ಕೆ ಕಾರ್ಮಿಕ ಇಲಾಖೆಯಿಂದ ನನಗೇ ಕರೆ ಬಂತು. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೂಡಲು ಹೇಳಿ, ನೀರು ತರಿಸಿ, ನನ್ನ ಸಹಿಯಿದ್ದ ಹಳೆಯ ಅರ್ಜಿಗಳನ್ನು ಮೇಜಿನ ಮೇಲೆ ಹರಡಿದರು. ಮೇಲಿನದು ಬಳೆ ಅಂಗಡಿಯಾಕೆಯದು.

"ಈ ಸಹಿ ನಿಮ್ದೇನ್ರಿ?"

ದಾರಿಯುದ್ದಕ್ಕೂ ಬೇರೆ ಬೇರೆ ಉತ್ತರ ಯೋಚಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಇದು: "ಅಲ್ರಿ ಮೇಡಂ."

"ಸ್ಟ್ಯಾಂಪು?"

"ಯಾರೋ ನನ್ನ ಹೆಸರಿಲೆ ಮಾಡಿಸ್ಕೊಂಡಿರಬೇಕ್ರಿ."

ಅವರು ಒಂದೊಂದೇ ಹಾಳೆ ತಿರುವುತ್ತ ಹೋದರು. ಟೇಲರು, ಕಿರಾಣಿಯವರ ಸೊಸೆ, ನಾದಿನಿ. ಪ್ರತಿಯೊಂದಕ್ಕೂ ಅಲ್ರಿ, ಅಲ್ರಿ ಎಂದೆ. ಹೇಳುತ್ತ ಹೇಳುತ್ತ ಅದು ಸಲೀಸಾಯಿತು. ಆಮೇಲೆ ಅಕ್ಕನ ಅರ್ಜಿ ಬಂತು. ಫೋಟೋದಲ್ಲಿ ತಲೆಯ ಮೇಲೆ ಸೆರಗು ಹೊದ್ದು, ಕ್ಯಾಮೆರಾಕ್ಕೆ ಗಾಬರಿಯಾದವಳಂತೆ ಕಣ್ಣು ಅಗಲಿಸಿ ಕೂತಿದ್ದಳು.

"ಇದು?"

ಇದು ನನ್ನದು ಎಂದರೆ ನನ್ನ ಸಹಿ ಹೇಗಿರುತ್ತದೆಂದು ಅವರಿಗೆ ಗೊತ್ತಾಗುತ್ತದೆ. ಪಕ್ಕದಲ್ಲೇ ಬಿದ್ದಿರುವ ಉಳಿದವೂ ಅದೇ ಕೈಯವು ಎಂದು ಯಾರಿಗಾದರೂ ಕಾಣುತ್ತದೆ. ಅಷ್ಟು ಲೆಕ್ಕ ಮಾಡಲು ನನಗೆ ಒಂದು ಗಳಿಗೆ ಸಾಕಾಯಿತು. ಅಧಿಕಾರಿ ತಲೆಯೆತ್ತಿ ನನ್ನ ಮುಖ ನೋಡಿದರು. ಅಲ್ಲಿಯವರೆಗೆ ಹಾಗೆ ನೋಡಿರಲಿಲ್ಲ.

"ಅದೂ ನಂದಲ್ರಿ," ಎಂದೆ.

"ಹಂಗಾರ ಯಾವುದೂ ನಿಮ್ದಲ್ಲ ಅಂತ ಬರದು ಕೊಡ್ರಿ."

ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಕೊಟ್ಟೆ. ಹೊರಗೆ ಬಂದು ಕಬ್ಬಿನ ಹಾಲು ಕುಡಿದೆ. ಪಾರಾದೆ ಎಂದು ಮೈ ಹಗುರವಾಗಿತ್ತು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರೆಹಕ್ಕೆ ಅರ್ಥವಿಲ್ಲ.

ರದ್ದಾದ ಕಾರ್ಡುಗಳ ಪಟ್ಟಿಯನ್ನು ಮೇಡ್ಲೇರಿಯ ಪಂಚಾಯಿತಿ ಗೋಡೆಗೆ ಅಂಟಿಸಿದಾಗ ಅಕ್ಕನ ಹೆಸರು ಅದರಲ್ಲಿತ್ತು. ಮೊದಲು ಓದಿದವಳು ಆಕೆಯ ಮಗಳು. ಮೂರ್ನಾಲ್ಕು ದಿನದ ಮೇಲೆ ಅಕ್ಕ ಆಫೀಸಿಗೆ ಬಂದಳು. ಕೆಲಸದ ಸೀರೆಯಲ್ಲಿರಲಿಲ್ಲ, ಮದುವೆ ಮುಂಜಿಗೆ ಉಡುವ ಸೀರೆ ಉಟ್ಟಿದ್ದಳು. ಕೂಡು ಎಂದರೂ ಕೂಡಲಿಲ್ಲ.

"ನೀವ ಬರದು ಕೊಟ್ಟೀರಂತಲ್ರಿ, ಸಹಿ ನಂದಲ್ಲ ಅಂತ. ಇಲಾಖೆಗೆ ಹೋಗಿ ಕೇಳಿ ಬಂದೆ."

"ಅಕ್ಕಾ, ಅದು ಏನಾತಂದ್ರ..."

"ಸಹಾಯ ಬರ್ಲಿಲ್ಲಂದ್ರ ಹೋಗ್ಲಿರಿ. ಮಗಳು ಒಂದು ವರ್ಷ ತಡಾ ಮಾಡಿ ಹೋಗ್ತಾಳ. ಊರಾಗ ನನಗ ಬೋಗಸ್ ಕಾರ್ಡಿನಾಕಿ ಅನ್ನಾಕತ್ತಾರ್ರಿ. ಹನ್ನೆರಡು ವರ್ಷ ಬುಟ್ಟಿ ಹೊತ್ತು ಹೊತ್ತು ನೆತ್ತಿ ಮ್ಯಾಲಿನ ಕೂದಲ ಹೋಗ್ಯಾವು. ಅವನ್ನರ ನೀವು ನೋಡಿದ್ದಿಲ್ಲೇನ್ರಿ?"

ಸೆರಗು ಸರಿಸಿ ನೆತ್ತಿ ತೋರಿಸಿದಳು. ನಾನು ಮೇಜಿನ ಮೇಲಿದ್ದ ನಕ್ಷೆಯನ್ನು ನೋಡುತ್ತ ಕೂತೆ. ಆಕೆ ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೋದಳು. ಮರುದಿನದಿಂದ ನನ್ನ ಸೈಟಿಗೆ ಬರಲಿಲ್ಲ. ಗೌಂಡಿಗಳು ಕಾರಣ ಕೇಳಲಿಲ್ಲ. ಅವರಿಗೆಲ್ಲ ಗೊತ್ತಾಗಿತ್ತು. ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು.

ಇಷ್ಟರ ಮೇಲೂ ನಾನು ಆರು ತಿಂಗಳು ಸುಮ್ಮನಿದ್ದೆ. ಎಚ್ಚರವಾದದ್ದು ನನ್ನ ಹೆಂಡತಿಯಿಂದ. ಒಂದು ಬೆಳಿಗ್ಗೆ ಕಪಾಟು ಒರೆಸುವಾಗ ಅವಳಿಗೆ ತನ್ನ ಕಾರ್ಡು ಸಿಕ್ಕಿತು. ಅದಕ್ಕೆ ಸಹಿ ಮಾಡಿದ ಗುತ್ತಿಗೆದಾರನನ್ನು ಯಾರೂ ಕರೆಸಿರಲಿಲ್ಲ, ಹಾಗಾಗಿ ಅದು ಇನ್ನೂ ಚಾಲ್ತಿಯಲ್ಲಿತ್ತು. ನಾನು ತಿಂಡಿ ತಿನ್ನುತ್ತಿದ್ದೆ. ಬಂದು ತಟ್ಟೆಯ ಪಕ್ಕದಲ್ಲಿಟ್ಟಳು.

"ರೀ, ನಂದು ಉಳದೈತಿ. ಆ ಮೇಡ್ಲೇರಿ ಅಕ್ಕಂದು ಹೋಗೈತಿ. ಇದು ನಿಮಗ ಸರಿ ಅನಸ್ತೈತೇನ್ರಿ?"

"ಈಗ ಕೆದಕಿದ್ರ ನನ್ನ ಮ್ಯಾಲೆ ಬರ್ತೈತಿ."

"ಬರ್ಲಿ. ಬರಬೇಕಾದ್ದು ನಿಮ್ಮ ಮ್ಯಾಲೇ ಅಲ್ಲೇನ್ರಿ?"

ಕೋಪದಿಂದ ಹೇಳಲಿಲ್ಲ. ಮಕ್ಕಳ ಉತ್ತರ ತಪ್ಪಾದಾಗ ಕೇಳುವ ದನಿಯಲ್ಲೇ ಕೇಳಿದಳು. ತಿಂಡಿಯನ್ನು ಅರ್ಧಕ್ಕೆ ಬಿಟ್ಟು ಎದ್ದೆ.

ಆ ವಾರವೇ ಇಬ್ಬರೂ ಕಾರ್ಮಿಕ ಇಲಾಖೆಗೆ ಹೋದೆವು. ಅವಳು ಕಾರ್ಡು ಮರಳಿಸಿದಳು. ನಾನು ಹೊಸ ಹೇಳಿಕೆ ಬರೆದುಕೊಟ್ಟೆ: ಆ ಸಹಿಗಳೆಲ್ಲ ನನ್ನವೇ, ಅಕ್ಕನದೊಂದು ಖರೆ, ಉಳಿದವೆಲ್ಲ ಸುಳ್ಳು. ಅದೇ ಅಧಿಕಾರಿ ಓದಿ, ನನ್ನ ಹಳೆಯ ಹೇಳಿಕೆಯನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡರು.

"ಅವತ್ತ ನನಗ ಸಂಶಯ ಬಂದಿತ್ರಿ," ಎಂದರು. "ಆ ಒಂದು ಹಾಳಿ ಮುಂದ ನಿಮ್ಮ ದನಿ ಬದಲಾಗಿತ್ತು. ಆದ್ರ ನೀವು ಬರದು ಕೊಟ್ಟ ಮ್ಯಾಲೆ ನಾ ಏನು ಮಾಡ್ಲಿ?"

ನಕ್ಷೆ ಬರೆಯುವ ನನ್ನ ಲೈಸೆನ್ಸನ್ನು ಒಂದು ವರ್ಷ ಅಮಾನತು ಮಾಡಿದರು. ಕೇಸು ಇನ್ನೂ ನಡೆದಿದೆ. ಸದಸ್ಯರು ಆ ಅರ್ಜಿಗಳನ್ನು ತಾವು ನೋಡಿಯೇ ಇಲ್ಲ ಎಂದಿದ್ದಾರೆ. ಅವರ ಮೇಲೆ ಸಿಟ್ಟು ಬರುತ್ತದೆ, ಆದರೆ ಬಹಳ ಹೊತ್ತು ನಿಲ್ಲುವುದಿಲ್ಲ. ಅದೇ ಮಾತನ್ನು ಅವರಿಗಿಂತ ಮೊದಲು ಆಡಿದವನು ನಾನು.

ಅಕ್ಕ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಗೋದಾಮು ಕಟ್ಟುವ ಕಡೆ ಕೆಲಸಕ್ಕಿದ್ದಾಳೆಂದು ತಿಳಿದು ಅಲ್ಲಿಗೆ ಹೋದೆ. ಊಟದ ಹೊತ್ತು. ಇಟ್ಟಂಗಿಗಳ ಮೇಲೆ ಕೂತು, ಇನ್ನಿಬ್ಬರು ಹೆಂಗಸರ ಜೊತೆ ರೊಟ್ಟಿ ತಿನ್ನುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಹೊಸ ಹೇಳಿಕೆಯ ಪ್ರತಿಯನ್ನು ಕೊಟ್ಟೆ. ಆಕೆ ಎಡಗೈಯಲ್ಲಿ ತೆಗೆದುಕೊಂಡು ಮಡಚಿ, ಬುತ್ತಿಯ ಬಟ್ಟೆಯ ಕೆಳಗೆ ಇಟ್ಟಳು.

"ಇಲ್ಲಿ ಗುತ್ತಿಗೆದಾರ್ರು ತೊಂಬತ್ತು ದಿನಾ ಆದ ಕೂಡ್ಲೆ ಸಹಿ ಮಾಡಿ ಕೊಟ್ಟಾರ್ರಿ. ಹೊಸಾ ಕಾರ್ಡು ಬಂದೈತಿ. ಮಗಳೂ ಈ ವರ್ಷ ಕಾಲೇಜಿಗೆ ಹೊಂಟಾಳ."

"ಚಲೋ ಆತು ಅಕ್ಕಾ."

"ಈ ಕಾಗದಾ ನಮ್ಮೂರಾಗ ನಾಕು ಮಂದಿಗೆ ಓದಿ ತೋರಸ್ತೇನ್ರಿ. ಅದಕ್ಕ ಇಟ್ಕೊಂಡೆ."

ತಪ್ಪಾಯಿತು ಎನ್ನಬೇಕೆಂದು ಹೋಗಿದ್ದೆ. ಉಳಿದಿಬ್ಬರು ಹೆಂಗಸರು ನೋಡುತ್ತಿದ್ದರು. ಆದರೂ ಅಂದೆ. ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದಳು.

"ಹೇಳೀರಿ, ಕೇಳಿದೆ. ಆದ್ರ ನಾ ನಿಮ್ಮ ಕಡೆ ತಿರಗಿ ಕೆಲಸಕ್ಕ ಬರಾಂಗಿಲ್ರಿ."

ಹೊರಡುವಾಗ ನೀರು ಕುಡಿದು ಹೋಗಿ ಎಂದು ತಂಬಿಗೆ ಕೊಟ್ಟಳು. ಕುಡಿದೆ. ಅಮಾನತು ಮುಗಿದು ಈಗ ನನ್ನ ಕೆಲಸ ಮತ್ತೆ ನಡೆದಿದೆ. ತೊಂಬತ್ತು ದಿನ ತುಂಬಿದವರ ಕಾಗದಗಳನ್ನು ನಾನೇ ಕೇಳಿ ತರಿಸಿಕೊಂಡು ಸಹಿ ಮಾಡುತ್ತೇನೆ. ಕೆಲಸಗಾರರು ಥ್ಯಾಂಕ್ಸ್ ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸುತ್ತೇನೆ, ಯಾಕೆಂದು ಅವರು ಕೇಳಿಲ್ಲ.