ಕಾಫಿಗೆ ಕೂಗಿದ್ದ ಆಲ್ಬಮ್

ಹಳೆಯ ರಾಕ್ ಆಲ್ಬಮ್‌ಗಳ ಬಗ್ಗೆ ನಮ್ಮ ಸಾಗರ ಪೇಟೆಯಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳಿಲ್ಲ. ಆದರೂ ಹೇಳುತ್ತೇನೆ. ಡ್ರಮ್ಮಿನವನೊಬ್ಬನೇ ಬಾರಿಸುವ ಭಾಗ ಲಾರಿಯಿಂದ ತಗಡಿನ ಶೀಟು ಇಳಿಸಿದಂತಿರುತ್ತದೆ. ಮೊದಲ ಬದಿಯಲ್ಲಿ ಬೆವರು ಸುರಿಸಿದವರು ಎರಡನೇ ಬದಿಯನ್ನು ಊಟ ಮುಗಿಸಿ ಬಂದವರಂತೆ ನುಡಿಸುತ್ತಾರೆ. ಗಿಟಾರನ್ನು ನಾನು ಬಾಯಲ್ಲೇ ನುಡಿಸಬಲ್ಲೆ. ಮುಖ ಮಾತ್ರ ಆಗ ಹಲ್ಲುನೋವಿನವನದು.

ಈ ಹುಚ್ಚು ಹಿಡಿಸಿದ್ದು ನನ್ನ ಸೋದರಮಾವ. ಕಾರ್ಗಲ್ಲಿನಲ್ಲಿ ಕೆಲಸದಲ್ಲಿದ್ದಾಗ ಎಂಜಿನಿಯರೊಬ್ಬರ ರೆಕಾರ್ಡ್ ಪ್ಲೇಯರನ್ನು ಒಂದು ಭಾನುವಾರದ ಮಟ್ಟಿಗೆ ಕ್ವಾರ್ಟರ್ಸಿಗೆ ಹೊತ್ತು ತಂದಿದ್ದನಂತೆ. ಜೋಡಿಸುವ ವೈರ್ ಇರಲಿಲ್ಲ. ಸ್ಪೀಕರಿನ ಎದುರು ಟೇಪ್‌ರೆಕಾರ್ಡರ್ ಇಟ್ಟು, ಉಸಿರು ಬಿಗಿಹಿಡಿದು ಕ್ಯಾಸೆಟ್ ತುಂಬಿಸಿದ. ಆಗಷ್ಟೇ ಮದುವೆಯಾಗಿ ಬಂದಿದ್ದ ಅತ್ತೆಗೆ ಇದನ್ನು ಹೇಳಿರಲಿಲ್ಲ. ನಿಧಾನದ ಹಾಡಿನಲ್ಲಿ ಗಿಟಾರ್ ಅಳುತ್ತಿರುವಾಗ ಅಡುಗೆಮನೆಯಿಂದ ಅವಳ ಕೂಗು: "ಕಾಫಿ ಆರ್ತಿದೆ, ಬರ್ತೀರೋ, ಬಚ್ಚಲಿಗೆ ಚೆಲ್ಲಲೋ?" ಸ್ವಲ್ಪ ಹೊತ್ತಿಗೆ ಏನೋ ಚೆಲ್ಲಿದ ಸದ್ದು. ಎರಡೂ ಕ್ಯಾಸೆಟ್ಟಿಗೆ ಸೇರಿಹೋದವು.

ಅದೂ ಹಾಡಿನದೇ ಭಾಗವೆಂದು ನಂಬಿ ಬೆಳೆದೆ. ಇಂಗ್ಲಿಷ್ ಹಾಡಿನೊಳಗೆ ಕನ್ನಡ ಹೇಗೆ ಬಂತೆಂದು ಯೋಚಿಸಲೇ ಇಲ್ಲ, ಅಷ್ಟು ಬುದ್ಧಿವಂತ.

ಈ ಬೇಸಿಗೆಯಲ್ಲಿ ಆ ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರ್ ಸುರುಳಿ ಎಳೆದು ಶಾವಿಗೆ ಮಾಡಿಹಾಕಿತು. ಮಾವ ಊಟಕ್ಕೂ ಬಾಯಿ ಬಿಡುತ್ತಿಲ್ಲವೆಂದು ಅತ್ತೆ ಫೋನ್ ಮಾಡಿದಳು. ತಾಳಗುಪ್ಪದ ಅವರ ಮನೆಗೆ ಹೋಗಿ ಮೊಬೈಲಿನಲ್ಲಿ ಅದೇ ಆಲ್ಬಮ್ ಹಾಕಿದೆ. ಧೂಳಿಲ್ಲದ ಸದ್ದು. ನಿಧಾನದ ಹಾಡು ಬಂದು ಹೋಯಿತು.

"ಇದ್ರಲ್ಲಿ ಅವ್ಳಿಲ್ವಲ್ಲ ಮಾರಾಯ," ಎಂದ ಮಾವ.

"ಅದೆಷ್ಟೊತ್ತು, ನಾನೇ ಹಾಕ್ತೀನಿ."

ಹಾಡನ್ನು ಹಿಂದಕ್ಕೆ ತಂದು, ಸರಿಯಾದ ಜಾಗದಲ್ಲಿ ಅತ್ತೆಯ ದನಿಯಲ್ಲಿ ಕೂಗಿದೆ. ಮದುವೆ ಮನೆಗಳಲ್ಲಿ ನಕಲು ಮಾಡಿ ತೋರಿಸಿದ್ದಕ್ಕೆ ನನಗೆ ಎರಡನೇ ಹೋಳಿಗೆ ಕೊಡಿಸಿದ ದನಿ ಅದು.

ಮಾವ ಅಡ್ಡಡ್ಡ ತಲೆಯಾಡಿಸಿದ. "ನೀ ಮಾಡಿದ್ದು ಈಗಿನ ಅತ್ತೆ. ಅದ್ರಲ್ಲಿದ್ದಿದ್ದು ಆಗಿನೋಳು."

"ಹಂಗಾರೆ ಈಗಿನೋಳು ಬ್ಯಾಡ್ವಾ?" ಅತ್ತೆ ಬಾಗಿಲಲ್ಲಿ ನಿಂತಿದ್ದಳು. ನನ್ನ ಕಡೆ ತಿರುಗಿ, "ನಂದು ಅಂತ ಎಮ್ಮೆ ದನಿ ಮಾಡ್ತಿಯಲ್ಲೋ," ಎಂದು ಒಳಗೆ ಹೋದಳು.

ಮಾವ ಇನ್ನೊಮ್ಮೆ ಹಾಕಲು ಹೇಳಿದ. ಈ ಸಲ ನಾನು ಬಾಯಿ ಮುಚ್ಚಿಕೊಂಡೆ. ಗಿಟಾರ್ ಇನ್ನೂ ಅಳಲು ಶುರುಮಾಡಿರಲಿಲ್ಲ, ಅಡುಗೆಮನೆಯಿಂದ ಕೇಳಿತು: "ಕಾಫಿ ಆರ್ತಿದೆ, ಬರ್ತೀರೋ, ಬಚ್ಚಲಿಗೆ ಚೆಲ್ಲಲೋ?"

ಆಲ್ಬಮ್ಮಿನ ನಡುವೆ ಏಳುವವರನ್ನು ಮಾವ ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ. "ಚೆಲ್ಬೇಡ, ಬಂದೆ," ಎಂದು ಎದ್ದು ಹೋದ.

ಎರಡನೇ ಬದಿಯ ಹಾಡುಗಳನ್ನು ನಾನೊಬ್ಬನೇ ಕೇಳಿದೆ. ಸುಮಾರಾಗಿವೆ.