ಕಳ್ಳಕೀಗೆ ಸೊಪ್ಪು ಹಾಕದ ಎಂಜಿನ್

ಬೆಳಗಿನ ಐದೂವರೆ. ಗ್ಯಾರೇಜುಗಳ ಓಣಿಯಲ್ಲಿ ಕೊನೆಯ ಅಂಗಡಿಯದೊಂದನ್ನು ಬಿಟ್ಟರೆ ಯಾವ ಶಟರೂ ಇನ್ನೂ ಮೇಲೆದ್ದಿಲ್ಲ. ಒಳಗೆ ಒಂದು ಹಳೆಯ ಬಿಳಿ ಕಾರು. ಅದರ ಡ್ರೈವರ್ ಸೀಟಿನಲ್ಲಿ ಐವತ್ತೇಳು ವರ್ಷದ ವೈರಿಂಗ್ ಕೆಲಸಗಾರರೊಬ್ಬರು ಕಣ್ಣುಮುಚ್ಚಿ ಕುಳಿತಿದ್ದಾರೆ. ಕೈಯಲ್ಲಿರುವ ಕೀಯ ತಲೆಗೆ ಊಟ ಕಟ್ಟುವ ಬೆಳ್ಳಿಬಣ್ಣದ ಹಾಳೆಯನ್ನು ಬಿಗಿಯಾಗಿ ಸುತ್ತಿದ್ದಾರೆ. ಕೀ ತಿರುಗಿಸುತ್ತಾರೆ. ಎಂಜಿನ್ ಗುರ್ರೆನ್ನುತ್ತದೆ, ಎರಡು ಸೆಕೆಂಡ್ ಓಡುತ್ತದೆ, ಬಿಕ್ಕಳಿಸಿ ಆರಿಹೋಗುತ್ತದೆ. ಮತ್ತೆ ತಿರುಗಿಸುತ್ತಾರೆ. ಮತ್ತೆ ಆರುತ್ತದೆ. ಹೀಗೆ ಹತ್ತು ಸಲ. ಹತ್ತನೆಯ ಸಲವೂ ಎಂಜಿನ್ ಸತ್ತ ಮೇಲೆ ಕಣ್ಣು ತೆರೆದು, ಹಾಳೆ ಬಿಚ್ಚಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ.

"ಈಗ ಸರಿಯಾಯ್ತು" ಎನ್ನುತ್ತಾರೆ.

ಎದುರಿನ ಎಂಜಿನ್ ಮೇಸ್ತ್ರಿಗೆ ಈ ಬೆಳಗಿನ ಪೂಜೆ ನೋಡಿ ನೋಡಿ ಅಭ್ಯಾಸವಾಗಿದೆ. "ನಾವೆಲ್ಲ ಗಾಡಿ ಸ್ಟಾರ್ಟ್ ಮಾಡೋಕೆ ಒದ್ದಾಡ್ತೀವಿ, ಇವನೊಬ್ಬ ನಿಲ್ಲಿಸೋಕೆ ಒದ್ದಾಡ್ತಾನೆ" ಎಂದು ನಗುತ್ತಾರೆ. ಓಣಿಯಲ್ಲಿ ಇವರಿಗೆ 'ಎರಡು ದಿನ' ಎಂದೇ ಅಡ್ಡಹೆಸರು. ಯಾವ ಗಾಡಿ ತಂದು ನಿಲ್ಲಿಸಿದರೂ, ಯಾರು ಎಷ್ಟೇ ಗೋಗರೆದರೂ, ಇವರ ಬಾಯಿಂದ ಬರುವುದು ಒಂದೇ ಮಾತು: ಎರಡು ದಿನ ಬೇಕು. "ಎರಡು ದಿನ ಬಂದನಾ?", "ಎರಡು ದಿನ ಟೀ ಕುಡಿದನಾ?" ಎಂದು ಕೇಳುವಷ್ಟು ಆ ಹೆಸರು ಗಟ್ಟಿಯಾಗಿದೆ. ಅವರು ಬೇಸರಿಸಿಕೊಳ್ಳುವುದಿಲ್ಲ. ಆ ಹೆಸರು ತಮಗೆ ಸರಿಯಾಗೇ ಇದೆ ಎನ್ನುತ್ತಾರೆ.

ಕೆಲಸ ಇಷ್ಟೇ. ಕೆಟ್ಟುಹೋದ ಎಂಜಿನ್ ತೆಗೆದು ಗುಜರಿಯಿಂದ ತಂದ ಬೇರೆ ಎಂಜಿನ್ ಕೂರಿಸಿದ ಮೇಲೆ, ಕಾರ್ಖಾನೆಯಲ್ಲೇ ಹಾಕಿ ಕಳಿಸಿದ ಕಳ್ಳತನ ತಡೆಯುವ ವ್ಯವಸ್ಥೆ ಮೊದಲಿನಂತೆಯೇ ಕೆಲಸ ಮಾಡುವ ಹಾಗೆ ನೋಡಿಕೊಳ್ಳುವುದು. ಕೀಯ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಕೀ ಹಾಕುವ ತೂತಿನ ಸುತ್ತ ತಂತಿಯ ಒಂದು ಬಳೆ. ಬಳೆ ಚಿಪ್ಪಿನ ಗುಟ್ಟಿನ ನಂಬರನ್ನು ಓದಿ ಎಂಜಿನ್ನಿನ ಕಂಪ್ಯೂಟರ್ ಡಬ್ಬಿಗೆ ಹೇಳುತ್ತದೆ. ನಂಬರ್ ಹೊಂದಿದರೆ ಡಬ್ಬಿ ಎಂಜಿನ್ ಓಡಲು ಬಿಡುತ್ತದೆ, ಇಲ್ಲದಿದ್ದರೆ ಎರಡು ಸೆಕೆಂಡಿನಲ್ಲಿ ಕತ್ತು ಹಿಚುಕುತ್ತದೆ. ಬೆಳ್ಳಿಬಣ್ಣದ ಹಾಳೆ ಸುತ್ತಿದರೆ ಬಳೆಗೆ ಚಿಪ್ ಕಾಣುವುದಿಲ್ಲ, ಸರಿಯಾದ ಕೀಯೂ ಕಳ್ಳಕೀಯಾಗುತ್ತದೆ. ಎಂಜಿನ್ ಬದಲಾದಾಗ ಎಷ್ಟೋ ಸಲ ಅದರ ಡಬ್ಬಿಯೂ ಬದಲಾಗುತ್ತದೆ, ಹೊಸ ಡಬ್ಬಿಗೆ ಹಳೆಯ ಕೀಯ ಗುರುತಿರುವುದಿಲ್ಲ. "ಬೇರೆ ಮನೇಲಿ ಬೆಳೆದ ನಾಯಿ ತಂದಂಗೆ. ಹೊಸ ಮನೆ ಯಜಮಾನನ್ನೇ ಕಚ್ಚೋಕೆ ಬರುತ್ತೆ" ಎಂದು ಅವರು ವಿವರಿಸುತ್ತಾರೆ.

ಆ ನಾಯಿಗೆ ಹೊಸ ಯಜಮಾನನ ಪರಿಚಯ ಮಾಡಿಸುವುದೇ ಎರಡು ದಿನದ ಕೆಲಸ. ಡಬ್ಬಿ ಬಿಚ್ಚಬೇಕು. ಅದರೊಳಗಿನ ಎಂಟು ಕಾಲಿನ, ಇರುವೆಗಿಂತ ತುಸು ದೊಡ್ಡ ನೆನಪಿನ ಚಿಪ್ಪನ್ನು ಬೆಸುಗೆ ಕರಗಿಸಿ ಎತ್ತಬೇಕು. ಅದರಲ್ಲಿರುವ ನಂಬರ್ ಓದಿ, ಗಿರಾಕಿಯ ಕೀಗೆ ಹೊಂದುವಂತೆ ತಿದ್ದಿ ಬರೆದು, ಎಂಟೂ ಕಾಲುಗಳನ್ನು ಮತ್ತೆ ಇದ್ದ ಜಾಗಕ್ಕೇ ಬೆಸೆಯಬೇಕು. ಒಂದು ಕಾಲು ಪಕ್ಕದ ಕಾಲಿಗೆ ತಾಗಿದರೂ ಡಬ್ಬಿ ಹೊಗೆ. ಓಣಿಯಲ್ಲಿ ಬೇರೆ ಒಂಬತ್ತು ವೈರಿಂಗ್ ಅಂಗಡಿಗಳಿವೆ, ಅಲ್ಲೆಲ್ಲ ಇದಕ್ಕೆ ಇಪ್ಪತ್ತು ನಿಮಿಷ ಸಾಕು. ಗುಜರಿ ಎಂಜಿನ್ನಿನ ಜೊತೆ ಬಂದ ಕೀಯೊಳಗಿನ ಚಿಪ್ಪನ್ನು ತೆಗೆದು, ಸ್ಟೇರಿಂಗಿನ ಕೆಳಗೆ ಆ ಬಳೆಗೇ ಟೇಪು ಸುತ್ತಿ ಕಟ್ಟಿಬಿಡುತ್ತಾರೆ. ಆಮೇಲೆ ಡಬ್ಬಿಗೆ ಯಾವಾಗಲೂ ತನ್ನ ಹಳೆಯ ಯಜಮಾನನೇ ಎದುರಿಗೆ ನಿಂತಂತೆ ಕಾಣುತ್ತದೆ. ತೂತಿನಲ್ಲಿ ತಿರುಗುವ ಯಾವ ತಗಡಿಗೂ ಎಂಜಿನ್ ಓಡುತ್ತದೆ. ಇದಕ್ಕೆ ಓಣಿಯಲ್ಲಿ 'ಚಿಪ್ ಕಟ್ಟೋದು' ಎನ್ನುತ್ತಾರೆ.

ಹತ್ತು ಗಿರಾಕಿಗಳು ಬಂದರೆ ಎರಡು ದಿನ ಎಂದು ಕೇಳಿದ ಕೂಡಲೇ ಏಳು ಮಂದಿ ಪಕ್ಕದ ಅಂಗಡಿಗೆ ತಿರುಗುತ್ತಾರೆ. ಉಳಿದ ಮೂವರಲ್ಲಿ ಒಬ್ಬರು ಹೊಲಿಗೆಯಂಗಡಿಯ ಒಡತಿ, ಈ ಬಿಳಿ ಕಾರು ಅವರದು. ಏಳು ಗಂಟೆಗೆ ಬಂದವರನ್ನು ಸೀಟಿನಲ್ಲಿ ಕೂರಿಸಿ, ಕೀಗೆ ಹಾಳೆ ಸುತ್ತಿಕೊಟ್ಟು, ನೀವೇ ತಿರುಗಿಸಿ ನೋಡಿ ಎನ್ನುತ್ತಾರೆ. ಎಂಜಿನ್ ಆರಿದಾಗ ಆಕೆ ಗಾಬರಿಯಾಗುತ್ತಾರೆ.

"ಇದೇನಣ್ಣ, ಎರಡು ದಿನ ಇಟ್ಕೊಂಡು ಕೆಡಿಸಿ ಕೊಡ್ತಿದೀರಾ?"

"ಕೆಟ್ಟಿಲ್ಲಮ್ಮ. ಈಗ ನೀವು ಕಳ್ಳರು. ಹಾಳೆ ತೆಗೀರಿ, ಯಜಮಾನ್ತಿ ಆಗ್ತೀರಿ."

ಹಾಳೆ ತೆಗೆದ ಮೇಲೆ ಎಂಜಿನ್ ನೆಟ್ಟಗೆ ಓಡುತ್ತದೆ. ಒಡತಿ ನಗುತ್ತಾರೆ. ಹೊರಡುವಾಗ ಹಿಂದಿನ ಸೀಟಿನ ಕೆಳಗಿದ್ದ ಕಬ್ಬಿಣದ ಸರಪಳಿ ತೋರಿಸಿ, "ಹಾಗಾದ್ರೆ ಇನ್ಮೇಲೆ ಚಕ್ರಕ್ಕೆ ಇದನ್ನ ಕಟ್ಟೋ ರಗಳೆ ಇಲ್ಲ ಅಲ್ವಾ?" ಎಂದು ಕೇಳುತ್ತಾರೆ. ಅಷ್ಟು ಹೊತ್ತು ತಮಾಷೆ ಮಾಡುತ್ತಿದ್ದ ಇವರ ಮುಖ ಒಮ್ಮೆಲೇ ಸಪ್ಪಗಾಗುತ್ತದೆ.

"ಕಟ್ಟಿ. ಯಾರು ಬೇಡ ಅಂದ್ರೂ ಕಟ್ಟಿ. ನಾನೇ ಬೇಡ ಅಂದ್ರೂ ಕಟ್ಟಿ."

ಅಂಗಡಿಯ ಗೋಡೆಯಲ್ಲೂ ಅಂಥದೊಂದು ಸರಪಳಿ ನೇತಾಡುತ್ತಿದೆ. ಬೀಗದ ಸಮೇತ. ತಿಂಗಳಿಗೊಬ್ಬರಾದರೂ ಅದನ್ನು ಮಾರುತ್ತೀರಾ ಎಂದು ಕೇಳುತ್ತಾರೆ, ಇವರು ಇಲ್ಲವೆಂದು ತಲೆಯಾಡಿಸುತ್ತಾರೆ. ಅದು ಇವರ ಭಾವನದು, ಅಂದರೆ ಅಕ್ಕನ ಗಂಡನದು. ಭಾವ ಶಾಲೆಯ ವ್ಯಾನ್ ಓಡಿಸುತ್ತಿದ್ದರು. ಹದಿನಾಲ್ಕು ಮಕ್ಕಳು, ಇಪ್ಪತ್ತೆರಡು ವರ್ಷ. ಒಂದು ದಿನವೂ ಗಂಟೆ ಬಾರಿಸಿದ ಮೇಲೆ ಮಕ್ಕಳನ್ನು ಇಳಿಸಿದವರಲ್ಲ. ಪ್ರತಿ ಸಂಜೆ ಮನೆಯೆದುರು ವ್ಯಾನ್ ನಿಲ್ಲಿಸಿ ಮುಂದಿನ ಚಕ್ರಕ್ಕೆ ಸರಪಳಿ ಬಿಗಿದು, ಎರಡು ಸಲ ಜಗ್ಗಿ ನೋಡಿಯೇ ಒಳಗೆ ಹೋಗುವುದು ಅವರ ಪದ್ಧತಿ.

ಎಂಟು ವರ್ಷದ ಹಿಂದೆ ಒಂದು ಶನಿವಾರ ವ್ಯಾನಿನ ಎಂಜಿನ್ ಜಾಮಾಯಿತು. ಮೇಸ್ತ್ರಿ ಅಂದೇ ಸಂಜೆಯೊಳಗೆ ಗುಜರಿ ಎಂಜಿನ್ ಕೂರಿಸಿಕೊಟ್ಟರು. ಉಳಿದದ್ದು ವೈರಿಂಗ್. ಸೋಮವಾರ ಮಕ್ಕಳಿಗೆ ಪರೀಕ್ಷೆ. ಕೈಯಲ್ಲಿದ್ದದ್ದು ಒಂದೇ ಭಾನುವಾರ.

"ಭಾವ ಬಂದು ಪಕ್ಕದಲ್ಲೇ ಕೂತಿದ್ರು. ಆಗುತ್ತಾ, ಆಗುತ್ತಾ ಅಂತ ಕೇಳ್ತಾನೇ ಇದ್ರು. ನಾನು ಚಿಪ್ ಕಟ್ಟಿಬಿಟ್ಟೆ. ಬರೋ ವಾರ ಬಿಚ್ಚಿ ಸರಿಯಾಗಿ ಮಾಡಿಕೊಟ್ರಾಯ್ತು ಅಂದ್ಕೊಂಡೆ. ಭಾವಂಗೆ ಹೇಳಲಿಲ್ಲ. ಕೀ ತಿರುಗಿಸಿದ್ರೆ ಡ್ಯಾಶ್‌ಬೋರ್ಡಲ್ಲಿ ಕೆಂಪು ದೀಪ ಹತ್ತಿ ಆರುತ್ತೆ, ಎಲ್ಲ ಸರಿಯಾಗಿದ್ದಂಗೇ ಕಾಣುತ್ತೆ. ಆ ದೀಪ ನೋಡಿ ಅವರಿಗೆ ಖುಷಿಯಾಯ್ತು. ಇನ್ನು ಸರಪಳಿ ಬೇಕೇನೋ ಅಂತ ಕೇಳಿದ್ರು. ಬೇಡ ಭಾವ, ಬೀಗ ಒಳಗೇ ಇದೆ ಅಂದೆ."

ಯಾಕೆ ಹಾಗೆಂದಿರಿ ಎಂದು ಕೇಳಿದರೆ, ಜಂಬವಿರಬೇಕು ಎನ್ನುತ್ತಾರೆ. ಭಾವ ಸರಪಳಿಯನ್ನು ಅಲ್ಲೇ ಮೊಳೆಗೆ ತೂಗುಹಾಕಿ, ನೀನೇ ಇಟ್ಟುಕೋ ಎಂದು ಹೊರಟರು. ಬರೋ ವಾರ ಬೇರೆ ಗಾಡಿ ಬಂತು. ಅದರ ಮುಂದಿನ ವಾರ ಇನ್ನೊಂದು. ಹನ್ನೊಂದು ತಿಂಗಳು ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಅಕ್ಕ ಬಾಗಿಲು ತೆಗೆದಾಗ ಮನೆಯೆದುರು ವ್ಯಾನ್ ಇರಲಿಲ್ಲ.

ಕಳೆದುಹೋದದ್ದು ವ್ಯಾನ್ ಒಂದೇ ಆಗಿದ್ದರೆ ಭಾವ ಹೇಗೋ ತಡೆದುಕೊಳ್ಳುತ್ತಿದ್ದರು. ವಿಮೆ ಕಂಪನಿಯಿಂದ ತನಿಖೆಗೆ ಬಂದವರು ಎರಡೂ ಕೀ ಕೇಳಿದರು, ಭಾವ ಎರಡೂ ತೋರಿಸಿದರು. ಈ ಗಾಡಿ ಕೀ ಇಲ್ಲದೆ ಓಡುವುದೇ ಇಲ್ಲ, ಅಂದ ಮೇಲೆ ನೀವೇ ಯಾರಿಗೋ ಕೀ ಕೊಟ್ಟು ಸಾಗಿಸಿದ್ದೀರಿ ಎಂದರು ಆ ತನಿಖೆಯವರು. ಎಂಜಿನ್ ಬದಲಾಯಿಸಿದಾಗ ಬೀಗದ ವ್ಯವಸ್ಥೆ ಕೆಟ್ಟಿತ್ತೇ ಎಂದೂ ಕೇಳಿದರು. ಭಾವ ಎದೆತಟ್ಟಿ ಹೇಳಿದರಂತೆ: ನನ್ನ ಭಾವಮೈದ ಮಾಡಿದ ಕೆಲಸ, ಅದರಲ್ಲಿ ಬೆರಳು ತೋರಿಸೋ ಹಾಗಿಲ್ಲ.

ತನಿಖೆಯವರು ಅಲ್ಲಿಂದ ನೇರ ಈ ಅಂಗಡಿಗೆ ಬಂದರು.

"ಸಿಸ್ಟಂ ಸರಿಯಾಗಿತ್ತಾ ಅಂತ ಕೇಳಿದ್ರು. ಸರಿಯಾಗಿತ್ತು ಅಂದೆ. ಒಂದು ಕಾಗದ ಕೊಟ್ಟರು, ಸಹಿ ಹಾಕಿದೆ. ಇಲ್ಲ ಅಂದ್ರೆ ಅಂಗಡಿ ಹೋಗುತ್ತೆ ಅನ್ನಿಸಿತು. ಅಷ್ಟೇ ಯೋಚನೆ ಬಂದದ್ದು, ನಂಬಿ. ಭಾವನ ಮುಖ ಆ ಹೊತ್ತಲ್ಲಿ ನೆನಪಿಗೇ ಬರಲಿಲ್ಲ."

ಆ ಸಹಿಯ ಮೇಲೆ ವಿಮೆಯ ಹಣ ನಿಂತುಹೋಯಿತು, ಭಾವ ಕಳ್ಳರಾದರು. ಯಾವ ಕೋರ್ಟೂ ಅವರನ್ನು ಕಳ್ಳ ಎನ್ನಲಿಲ್ಲ, ಬೀದಿ ಅಂದಿತು. ಹದಿನಾಲ್ಕು ಮನೆಗಳೂ ಒಂದೊಂದಾಗಿ ಮಕ್ಕಳನ್ನು ಬೇರೆ ವ್ಯಾನಿಗೆ ಹಾಕಿದವು. ಕೊನೆಗೆ ಭಾವನಿಗೆ ಸಿಕ್ಕಿದ್ದು ಪಾರ್ಕಿಂಗ್ ಜಾಗದಲ್ಲಿ ಚೀಟಿ ಹರಿದುಕೊಡುವ ಕೆಲಸ. ಇಡೀ ದಿನ ಬೇರೆಯವರ ಗಾಡಿ ಕಾಯುತ್ತ ನಿಲ್ಲುತ್ತಿದ್ದರು. ಒಂದು ಭಾನುವಾರ ಊಟಕ್ಕೆ ಕುಳಿತಾಗ ಅಕ್ಕ ಕೈಯಲ್ಲಿ ಸೌಟು ಹಿಡಿದೇ ಗಂಡನನ್ನು ಕೇಳಿದಳು: "ನಾವು ನಾವೇ ಇದ್ದೀವಿ. ಇವತ್ತಾದರೂ ನಿಜ ಹೇಳಿ. ಕೀ ಯಾರಿಗೆ ಕೊಟ್ರಿ?"

ತಮ್ಮ ಅಲ್ಲೇ ಇದ್ದರು. ತಟ್ಟೆ ನೋಡುತ್ತ ತುತ್ತು ಕಲಸುತ್ತಿದ್ದರು. ಭಾವ ಎದ್ದುಹೋಗಿ ಕೈತೊಳೆದರು. ಆಮೇಲೆ ಆ ಮನೆಯಲ್ಲಿ ಗಂಡಹೆಂಡಿರ ನಡುವೆ ಬೇಕು, ಬೇಡ ಎಂಬಷ್ಟೇ ಮಾತು ಉಳಿಯಿತು. ಕಳೆದ ವರ್ಷ ಪಾರ್ಕಿಂಗ್ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದ ಭಾವ ಮತ್ತೆ ಏಳಲಿಲ್ಲ. ವ್ಯಾನಿನ ಎರಡು ಕೀಗಳು ಅಕ್ಕನ ಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಈಗಲೂ ನೇತಾಡುತ್ತಿವೆ.

ವ್ಯಾನ್ ಹೋದ ವಾರದಿಂದ ಇವರು ಒಂದೇ ಒಂದು ಚಿಪ್ ಕಟ್ಟಿಲ್ಲ. ಈ ಏಳು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಗಾಡಿಗಳನ್ನು ನೆಟ್ಟಗೆ ಮಾಡಿ ಕಳಿಸಿದ್ದಾರೆ. ಬೇರೆಯವರು ಕಟ್ಟಿದ ಚಿಪ್ ಕಣ್ಣಿಗೆ ಬಿದ್ದರೆ ಬಿಚ್ಚಿ ಸರಿಮಾಡದೆ ಗಾಡಿ ಬಿಡುವುದಿಲ್ಲ. ಆರುನೂರು ಗಾಡಿಯಿಂದ ಮನಸ್ಸು ಸ್ವಲ್ಪವಾದರೂ ಹಗುರವಾಯಿತೇ ಎಂದರೆ, "ಎಲ್ಲಿಂದ ಆಗುತ್ತೆ? ಕಟ್ಟಬಾರದ ಗಾಡಿಗೆ ಕಟ್ಟಿ ಆಗಿದೆ" ಎನ್ನುತ್ತಾರೆ. ಇನ್ನು ಈ ಕೆಲಸವೂ ಹೆಚ್ಚು ದಿನವಿಲ್ಲ. ಎಡಗಣ್ಣಿಗೆ ಪೊರೆ ಬಂದಿದೆ, ಬಲಗೈ ಬೆರಳು ನಡುಗುತ್ತದೆ, ಎಂಟು ಕಾಲು ಕೆಲವೊಮ್ಮೆ ಹತ್ತಾಗಿ ಕಾಣುತ್ತವೆ. ಹೋದ ತಿಂಗಳು ಎರಡು ಡಬ್ಬಿ ಸುಟ್ಟುಹೋದವು. ಹೊಸ ಗಾಡಿಗಳ ಡಬ್ಬಿಯನ್ನು ಕಂಪನಿಯವರೇ ಬಿಚ್ಚಬೇಕು, ಇವರ ಬೆಸುಗೆಗೆ ಅವು ಬಗ್ಗುವುದಿಲ್ಲ. ಕಲಿಯುತ್ತೇನೆಂದು ಬಂದವರೆಲ್ಲ ಎರಡನೇ ದಿನಕ್ಕೆ ಮುಂಚೆಯೇ ಇಪ್ಪತ್ತು ನಿಮಿಷದ ಅಂಗಡಿಗೆ ಹೋಗಿದ್ದಾರೆ.

ಅಕ್ಕನಿಗೆ ಯಾಕೆ ಹೇಳಲಿಲ್ಲ? ಈ ಪ್ರಶ್ನೆಗೆ ಅವರು ಬೆಸುಗೆ ಕಡ್ಡಿಯನ್ನು ಕೆಳಗಿಡುತ್ತಾರೆ.

"ಪ್ರತಿ ಭಾನುವಾರ ಹೇಳೋಕೆ ಅಂತಲೇ ಹೋಗ್ತೀನಿ. ಚಪ್ಪಲಿ ಬಿಡೋವರೆಗೂ ಮಾತು ಬಾಯಲ್ಲೇ ಇರುತ್ತೆ. ಬಂದ್ಯಾ, ಕೈತೊಳ್ಕೋ, ಊಟ ಆರಿಹೋಗುತ್ತೆ ಅಂತಾಳೆ. ಅಲ್ಲಿಗೆ ಮುಗೀತು. ನನಗೆ ಅಂತ ಇರೋದು ಅದೊಂದೇ ಬಾಗಿಲು."

ಎಲೆಮರೆಯ ಕಾಯಿ ಎಂದೆಲ್ಲ ತನ್ನನ್ನು ಹೊಗಳಿ ಬರೆಯಬಾರದು ಎಂಬುದು ಅವರ ಮೊದಲ ಷರತ್ತಾಗಿತ್ತು. ಮಾತು ಮುಗಿಸಿ ಏಳುವ ಹೊತ್ತಿಗೆ ಇನ್ನೊಂದನ್ನು ಕೇಳುತ್ತಾರೆ. ಇದು ಬರುವುದು ಭಾನುವಾರದ ಪುರವಣಿಯಲ್ಲೇ ಅಲ್ಲವೇ? ಅಕ್ಕ ಅದನ್ನು ಕೊನೆಯ ಪುಟದಿಂದ ಶುರುಮಾಡಿ, ಕನ್ನಡಕ ಹಾಕಿಕೊಂಡು ಒಂದಕ್ಷರ ಬಿಡದೆ ಓದುತ್ತಾಳಂತೆ. ಒಂದು ಗಂಟೆಗೆ ಇವರು ಊಟಕ್ಕೆ ಹೋಗುವಷ್ಟರಲ್ಲಿ ಓದಿ ಮುಗಿಸಿರುತ್ತಾಳಂತೆ.

"ಬಾಗಿಲು ತೆಗೀತಾಳೋ ಇಲ್ವೋ ಗೊತ್ತಿಲ್ಲ. ತೆಗೀದಿದ್ರೂ ಪರವಾಗಿಲ್ಲ. ನಾನು ಅಲ್ಲೇ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿರ್ತೀನಿ. ನೀವು ನನ್ನ ಬಗ್ಗೆ ಏನು ಬೇಕಾದ್ರೂ ಬರ್ಕೊಳ್ಳಿ. ಒಂದು ಸಾಲು ಮಾತ್ರ ನಾನು ಹೇಳಿದಂಗೇ ಅಚ್ಚಾಗಬೇಕು."

ಆ ಸಾಲನ್ನು ಅವರು ನಿಧಾನವಾಗಿ, ತಪ್ಪಿಲ್ಲದೆ ಬರೆದುಕೊಳ್ಳಲೆಂದು ಎರಡು ಸಲ ಹೇಳುತ್ತಾರೆ.

"ಅಕ್ಕಾ, ಭಾವ ಕೀ ಯಾರಿಗೂ ಕೊಟ್ಟಿರಲಿಲ್ಲ."